ಕಾಡುರಾಗಿಯ ಬೇರು ಗಟ್ಟಿಯಾದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿರಲಿಲ್ಲ. ಆಗ ರಾಗಿ, ಕಾಡುರಾಗಿ ಅಂತ ಅಕ್ಕತಂಗಿಯರಿದ್ದರು. ಇಬ್ಬರ ಬೇರೂ ಸಡಿಲ, ಎಳೆದರೆ ಬಂತು. ಅಕ್ಕನ ತೆನೆ ಮಾತ್ರ ಮುಷ್ಟಿಯಂತೆ ತುಂಬಿರುತ್ತಿತ್ತು. ತಂಗಿಯದು ಬಡಕಲು, ಅದೂ ಕೊಯ್ಯುವ ಮೊದಲೇ ಉದುರಿಹೋಗೋದು.

ಮೊದಲು ರಾಗಿ ಬಿತ್ತಿದವಳು ದ್ಯಾವಮ್ಮ. ಆರು ಮಕ್ಕಳ ತಾಯಿ, ಇದ್ದದ್ದು ಒಂದೇ ಹೊಲ. ರಾಗಿ ಕೈಗೆ ಹತ್ತಿದರೆ ವರ್ಷವೆಲ್ಲ ಮುದ್ದೆ. ಇಲ್ಲದಿದ್ದರೆ ಕಾಡಲ್ಲಿ ಗೆಡ್ಡೆ ಅಗೆಯಬೇಕು.

ಬಿತ್ತಿ ತಿಂಗಳಾಗಿರಲಿಲ್ಲ, ಹೊಲದ ತುಂಬ ಕಾಡುರಾಗಿ.

"ನಿನ್ನ ಕರೆದೋರು ಯಾರೇ?" ಅಂದಳು ದ್ಯಾವಮ್ಮ.

"ಅಕ್ಕನ ಮನೆಗೆ ಬರೋಕೂ ಕರೀಬೇಕಾ?" ಅಂತು ಅದು.

ದ್ಯಾವಮ್ಮನಿಗೆ ಮೈಯೆಲ್ಲ ಉರಿಯಿತು. ಸೊಂಟ ಬಗ್ಗಿಸಿ ಕೀಳತೊಡಗಿದಳು. ಸುಲಭಕ್ಕೆ ಬಂದದ್ದನ್ನು ಕಿತ್ತೆಸೆದಳು. ಅಲ್ಲೊಂದು ಇಲ್ಲೊಂದು ಮೊಂಡು ಗಿಡ, ಎರಡು ಸಲ ಎಳೆದರೂ ಬರಲಿಲ್ಲ. "ಹಾಳಾಗ್ಹೋಗು, ನೀನೊಬ್ಬಳಿದ್ರೆ ಏನು ಮುಳುಗ್ಹೋಗುತ್ತೆ" ಅಂತ ಬಿಟ್ಟು ಮುಂದೆ ಹೋದಳು.

ಬಿಟ್ಟ ಗಿಡವೇ ಬೀಜ ಉದುರಿಸಿತು. ಮರುವರ್ಷ ಹುಟ್ಟಿದ್ದು ಅದರ ಮಕ್ಕಳೇ, ತಾಯಿಗಿಂತ ಮೊಂಡು. ಮತ್ತೆ ಬಂದದ್ದನ್ನು ಕಿತ್ತಳು, ಬಾರದ್ದನ್ನು ಬಿಟ್ಟಳು. ಅದರ ಮುಂದಿನ ವರ್ಷವೂ ಅದೇ ಕಥೆ. ಬುದ್ಧಿ ಬೇಡವೇ ಅಂತೀಯಾ? ಆರು ಮಕ್ಕಳಿಗೆ ಬೇಯಿಸಿ ಹಾಕುವವಳಿಗೆ ಪುರುಸೊತ್ತಾದರೂ ಎಲ್ಲಿತ್ತು!

ಇತ್ತ ಅಕ್ಕನಿಗೆ ಮಾತ್ರ ರಾಜೋಪಚಾರ. ಗೊಬ್ಬರ ಹಾಕಿ, ಬುಡದ ಮಣ್ಣು ಸಡಿಲ ಮಾಡಿ, ನೀರು ಹನಿಸಿ ಸಾಕಿದಳು. ರಾಗಿ ಬೇರಿಗೆ ಹಿಡಿದುಕೊಳ್ಳುವ ಕೆಲಸವೇ ಇರಲಿಲ್ಲ.

ಏಳನೆಯ ವರ್ಷ ದ್ಯಾವಮ್ಮ ಒಂದು ಕಾಡುರಾಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಮೇಲಿನ ಹುಲ್ಲು ಕಿತ್ತು ಬಂತು, ಬೇರು ಬರಲಿಲ್ಲ. ಧೊಪ್ಪನೆ ಹಿಂದಕ್ಕೆ ಬಿದ್ದಳು. ಬೀಳುವಾಗ ಆಸರೆಗೆಂದು ಹಿಡಿದ ನಾಲ್ಕು ರಾಗಿ ಪೈರು ಬೇರುಸಮೇತ ಕೈಗೆ ಬಂದವು. ಸುತ್ತ ನೋಡಿದಳು. ಹೊಲದಲ್ಲಿ ಅಕ್ಕನಿಗಿಂತ ತಂಗಿಯೇ ಹೆಚ್ಚು. ಈ ವರ್ಷ ಮಕ್ಕಳಿಗೆ ಮುದ್ದೆ ಇಲ್ಲ ಅಂತ ಗೊತ್ತಾಯಿತು. ಅಲ್ಲೇ ಕೂತು ಅತ್ತಳು.

"ಮಣ್ಣವ್ವಾ, ಈ ಪಾಪಿಗೆ ಇಂಥ ಬೇರು ಯಾಕೆ ಕೊಟ್ಟೆ?"

"ನಾನೆಲ್ಲಿ ಕೊಟ್ಟೆ ಮಗಳೇ?" ಅಂತು ಮಣ್ಣು. "ಸಡಿಲ ಬೇರಿನವನ್ನೆಲ್ಲ ನೀನೇ ಕಿತ್ತೆ. ಗಟ್ಟಿ ಬೇರಿನವನ್ನೇ ಆರಿಸಿ ಆರಿಸಿ ಬೀಜಕ್ಕೆ ಬಿಟ್ಟೆ. ಅಕ್ಕನನ್ನು ಉಣಿಸಿ ಬೆಳೆಸಿದೆ, ತಂಗಿಯನ್ನು ಬೈದು ಬೆಳೆಸಿದೆ. ಎರಡೂ ನಿನ್ನ ಮಕ್ಕಳೇ."

ದ್ಯಾವಮ್ಮ ಕಣ್ಣೊರೆಸಿಕೊಂಡು ಒಂದು ಕೋಲು ಚೂಪು ಮಾಡಿದಳು. ಇದ್ದುದರಲ್ಲೇ ಮೊಂಡಾದ ಗಿಡವನ್ನು ಹುಡುಕಿ ಮೊದಲು ಅದನ್ನೇ ಅಗೆದಳು. ಆದರೆ ಆರು ವರ್ಷ ಉದುರಿದ ಬೀಜವನ್ನು ಮಣ್ಣಿಂದ ಹೆಕ್ಕೋರು ಯಾರು?

ಅದಕ್ಕೇ ಮಗಾ, ಇವತ್ತಿಗೂ ನೀನು ಕಾಡುರಾಗಿ ಹಿಡಿದು ಎಳೆದರೆ ಹುಲ್ಲು ಕೈಗೆ ಬರುತ್ತೆ, ಬೇರು ಮಾತ್ರ ಜಪ್ಪಯ್ಯ ಅಂದರೂ ಕದಲೋದಿಲ್ಲ. ಹಾಗೆ ಹಿಡಿದುಕೊಳ್ಳೋದನ್ನು ಅದಕ್ಕೆ ಕಲಿಸಿದ್ದು ನಮ್ಮ ಕೈಯೇ.