ಹಗೇವಿನ ಹಗ್ಗ

“ಬುದ್ಧಿ, ಕೆಟ್ಟ ಕಾಲ ಬಂದೀತೆಂದು ಕಾಳು ಕೂಡಿಟ್ಟರೆ ಅದು ತಪ್ಪೇ?” ಎಂದು ಮರುಳಸಿದ್ಧ ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಆ ತಿಂಗಳು ಪಕ್ಕದ ಪೇಟೆಯಲ್ಲಿ ಜ್ವರ ಬಿದ್ದಿತ್ತು. ಮೂರು ವಾರದಿಂದ ಸಂತೆ ನಿಂತಿತ್ತು. ಸುದ್ದಿ ಬಂದ ದಿನವೇ ಅವನು ಹನ್ನೆರಡು ಮೂಟೆ ರಾಗಿಯನ್ನು ಒಬ್ಬನೇ ಹಿಂದಿನ ಕೋಣೆಗೆ ಹೊತ್ತು, ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಅಡುಗೆಯವರಿಗೂ ಹೇಳಿರಲಿಲ್ಲ. ಮಠಕ್ಕೆ ಊಟಕ್ಕೆ ಬರುವವರಿಗೆ ಮುದ್ದೆ ಚಿಕ್ಕದಾಗಿದೆ ಎಂಬುದು ಮಾತ್ರ ಗೊತ್ತಾಗಿತ್ತು.

ಗುರುಗಳು ಒಮ್ಮೆ ಅವನ ಸೊಂಟದ ಕಡೆ ನೋಡಿದರು.

“ತಪ್ಪಲ್ಲ. ಕೂಡಿಡದ ಮನೆಯಲ್ಲಿ ಮಕ್ಕಳು ಸಾಯುತ್ತವೆ. ಕೂತುಕೋ,” ಎಂದರು.

ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಅಪ್ಪ ಕೊಡುಗೈಯವನು. ಇವನಿಗೆ ಒಂಬತ್ತು ವರ್ಷವಾಗಿದ್ದಾಗ ಆ ಸೀಮೆಗೆ ಮಿಡತೆ ಬಂತು. ಎರಡೇ ದಿನದಲ್ಲಿ ಹೊಲಗಳು ಬೋಳಾದವು. ಅಪ್ಪ ನೆಲದೊಳಗಿನ ತನ್ನ ಹಗೇವು ತೆಗೆದು, ಬಾಗಿಲಿಗೆ ಬಂದವರಿಗೆಲ್ಲ ರಾಗಿ ಅಳೆದ. ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಹಗೇವಿನ ತಳ ಕಂಡ ದಿನ, ಹೊಸ ಬೆಳೆ ಕೈಗೆ ಬರುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳಲ್ಲಿ ಇವನ ತಂಗಿ ಸತ್ತಳು. ಅವಳಿಗೆ ಐದು ವರ್ಷ.

ಸಾಯುವ ಮೂರು ದಿನ ಮೊದಲು ಅವಳು ಖಾಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಸಂದಿಯಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿ ನೆಕ್ಕುತ್ತಿದ್ದಳು. ಇವನು ಅದನ್ನು ನೋಡಿದ. ಸತ್ತ ಮೇಲೆ ಊರವರು ಬಂದು ಅತ್ತರು. ಅತ್ತವರೆಲ್ಲ ಅಪ್ಪನ ರಾಗಿ ತಿಂದು ಉಳಿದವರೇ. ಅದನ್ನೂ ನೋಡಿದ.

ಮುಂದೆ ಇವನು ಮಾಡಿದ್ದನ್ನು ಕೇಳಿ ಜಿಪುಣ ಅಂದುಬಿಡಬೇಡ, ಮರುಳಸಿದ್ಧ. ಹಾಗೆ ಅಂದರೆ ನಮಗೆ ಸುಲಭ, ಅವನು ಬೇರೆ ಜಾತಿಯ ಮನುಷ್ಯ, ನಾವು ಬೇರೆ ಎಂದು ಮನೆಗೆ ಹೋಗಬಹುದು. ಅವನಿಗೆ ಕಾಳಿನ ಆಸೆ ಇರಲಿಲ್ಲ. ಭಯವಿತ್ತು.

ಅವನು ದೊಡ್ಡವನಾದ. ಮದುವೆಯಾದ. ಅವನಿಗೂ ಒಬ್ಬ ಮಗಳು ಹುಟ್ಟಿದಳು. ಅವಳು ಹುಟ್ಟಿದ ವರ್ಷವೇ ಅವನು ದನದ ಕೊಟ್ಟಿಗೆಯಲ್ಲಿ ಒಂದು ಹಗೇವು ತೋಡಲು ಶುರುಮಾಡಿದ. ಯಾರಿಗೂ ಹೇಳಲಿಲ್ಲ. ಅಗೆದ ಮಣ್ಣನ್ನು ಸಗಣಿಯ ಜೊತೆ ಕುಕ್ಕೆಯಲ್ಲಿ ಬೆರೆಸಿ, ಗೊಬ್ಬರ ಎಂದು ಹೊಲಕ್ಕೆ ಹೊತ್ತ. ಹೆಂಡತಿ ಇನ್ನೊಂದು ಕುಕ್ಕೆ ಹೊತ್ತಳು. ಮೂರು ಸುಗ್ಗಿಯಲ್ಲಿ ಉಳಿದ ರಾಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು, ಒಂದು ದಿನ ಎಲ್ಲವನ್ನೂ ಅದಕ್ಕೆ ಸುರಿದ. ಹಗೇವು ಅರ್ಧಕ್ಕೆ ಬಂತು. ಅಷ್ಟು ಸಾಕೆಂದು ಬಾಯಿಗೆ ಹುಲ್ಲು ತುರುಕಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಮೇಲೆ ದನ ಕಟ್ಟಿದ.

ರಾಗಿ ಒಂದೇ ಅಲ್ಲ. ಉಪ್ಪು, ಹುಣಸೆಹಣ್ಣು, ಒಣಮೆಣಸಿನಕಾಯಿ, ಹುಳ ಹಿಡಿಯದಂತೆ ಕೆಮ್ಮಣ್ಣು ಕಟ್ಟಿದ ತೊಗರಿ, ದೀಪಕ್ಕೆ ಹರಳೆಣ್ಣೆ, ಜ್ವರಕ್ಕೆ ಒಣಶುಂಠಿ, ಎಲ್ಲವನ್ನೂ ಒಂದೊಂದು ಗಡಿಗೆಯಲ್ಲಿ ತುಂಬಿ ಅಟ್ಟದ ಮೂಲೆಯಲ್ಲಿ ಇಟ್ಟ. ಸೂಜಿ ದಾರವನ್ನೂ ಬಿಡಲಿಲ್ಲ. ಹಗೇವಿಗೆ ಇಳಿಯಲು ಬೇಕಾಗುತ್ತದೆಂದು ಪುಂಡಿ ನಾರಿನ ಹೊಸ ಹಗ್ಗವನ್ನು ತಾನೇ ಹೊಸೆದ.

“ಇನ್ನೇನು ಬಿಟ್ಟಿದೀಯ?” ಎಂದು ಹೆಂಡತಿ ನಕ್ಕಳು.

ಅವನು ನಗಲಿಲ್ಲ. ಕೂತು ಯೋಚಿಸಿದ. “ಏನೂ ಬಿಟ್ಟಿಲ್ಲ,” ಎಂದ.

ನೀನು ಮಠದಲ್ಲೇ ಬೆಳೆದವನು, ಹಗೇವಿಗೆ ಇಳಿದವನಲ್ಲ. ಅದಕ್ಕೇ ಇದನ್ನು ಹೇಳಬೇಕು. ಹಗೇವು ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ದೊಡ್ಡದು. ಅದರಲ್ಲಿಟ್ಟ ರಾಗಿಯನ್ನು ಎಷ್ಟು ವರ್ಷವಾದರೂ ಹುಳ ಮುಟ್ಟುವುದಿಲ್ಲ. ಯಾಕೆಂದರೆ ಒಳಗೆ ಹುಳಕ್ಕೆ ಉಸಿರಿಲ್ಲ. ಮನುಷ್ಯನಿಗೂ ಇಲ್ಲ.

ಆದ್ದರಿಂದ ಹಗೇವು ತೆಗೆಯುವುದಕ್ಕೆ ಒಂದು ಕಟ್ಟಳೆ ಇತ್ತು. ಹಿಂದಿನ ದಿನವೇ ಬಾಯಿ ತೆಗೆದು ಬಿಡಬೇಕು. ಮರುದಿನ ಒಳಗೆ ದೀಪ ಇಳಿಬಿಡಬೇಕು. ದೀಪ ಆರಿದರೆ ಇನ್ನೂ ಒಂದು ದಿನ ಕಾಯಬೇಕು. ಉರಿದರೆ ಒಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯಬೇಕು, ಅಕ್ಕಪಕ್ಕದ ಮನೆಯ ನಾಲ್ಕು ಜನ ಮೇಲೆ ಹಗ್ಗ ಹಿಡಿಯಬೇಕು. ಇಳಿದವನು ಅಳೆಯುವ ಒಂದೊಂದು ಕೊಳಗಕ್ಕೂ ಗಟ್ಟಿಯಾಗಿ ಎಣಿಸುತ್ತಿರಬೇಕು. ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಆ ಎಣಿಕೆ ನಿಂತರೆ ಮೇಲಿನವರು ಯಾಕೆ ಎಂದು ಕೇಳುವುದಿಲ್ಲ, ಎಳೆದುಬಿಡುತ್ತಾರೆ. ಕೆಲಸ ಮುಗಿದ ಮೇಲೆ ಹಗ್ಗ ಹಿಡಿದವರಿಗೆ ತಲೆಗೊಂದು ಮೊರ ರಾಗಿ.

ನಾಲ್ಕು ಮೊರ ರಾಗಿ ಹೋಗುತ್ತದಲ್ಲ ಎಂಬುದು ಆ ರೈತನ ಚಿಂತೆಯಲ್ಲ. ಎಂಟು ಕಣ್ಣು ಒಳಗೆ ಇಣುಕುತ್ತವಲ್ಲ ಎಂಬುದು ಚಿಂತೆ.

ಮಗಳಿಗೆ ಆರು ತುಂಬಿದ ವರ್ಷ ಜ್ವರ ಬಂತು. ಮೊದಲು ದೂರದ ಊರುಗಳಲ್ಲಿ, ಆಮೇಲೆ ಹತ್ತಿರದಲ್ಲಿ. ಊರವರು ದಾರಿಗೆ ಅಡ್ಡಲಾಗಿ ಮುಳ್ಳು ಎಳೆದರು. ಹೊರಗಿನ ಗಾಡಿ ಒಳಗೆ ಬರಲಿಲ್ಲ, ಒಳಗಿನದು ಹೊರಗೆ ಹೋಗಲಿಲ್ಲ. ಜ್ವರ ಮಾತ್ರ ಮುಳ್ಳು ದಾಟಿಕೊಂಡು ಬಂತು. ಕುಯ್ಲಿನ ಹೊತ್ತಿಗೆ ಅರ್ಧ ಊರು ಮಲಗಿತ್ತು. ಪೈರು ನಿಂತಲ್ಲೇ ಉದುರಿತು.

ಹಗೇವು ಇದ್ದವರು ಒಬ್ಬೊಬ್ಬರಾಗಿ ತೆಗೆದರು. ರೈತ ಪ್ರತಿಯೊಂದಕ್ಕೂ ಹಗ್ಗ ಹಿಡಿಯಲು ಹೋದ. ಅವನದು ಗಟ್ಟಿ ರಟ್ಟೆ, ಎಲ್ಲರೂ ಕರೆಯುತ್ತಿದ್ದರು. ನಾಲ್ಕು ಹಗೇವಿಗೆ ಹಗ್ಗ ಹಿಡಿದು ನಾಲ್ಕು ಮೊರ ರಾಗಿ ತಂದ. ನಾಲ್ಕನೆಯದು ಗೋಡೆಯಾಚೆಯ ನೆರೆಯವನದು.

“ನಿಂದು ಯಾವತ್ತು ತೆಗೀತೀಯಣ್ಣ?” ಎಂದು ನೆರೆಯವನು ಕೇಳಿದ.

“ನಂದೇನಿದೆ ತೆಗೆಯೋಕೆ? ಅಪ್ಪನ ಕಾಲಕ್ಕೇ ಬರಿದಾಯ್ತಲ್ಲ.”

ಮಿಡತೆಯ ವರ್ಷ ನೆರೆಯವನೂ ಚಿಕ್ಕ ಹುಡುಗ. ಆ ಅಪ್ಪನ ರಾಗಿಯಲ್ಲೇ ಬದುಕಿದವನು. ಅವನು ತಲೆ ತಗ್ಗಿಸಿ, ರೈತನ ಮೊರಕ್ಕೆ ಇನ್ನೂ ಎರಡು ಸೇರು ಸುರಿದ. ರೈತ ಬೇಡ ಎನ್ನಲಿಲ್ಲ. ಬೇಡ ಎಂದರೆ ಅನುಮಾನ ಬರುತ್ತದೆ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ತಂದದ್ದು ಮುಗಿಯಿತು. ಅಟ್ಟದ ತೊಗರಿ ಮುಗಿಯಿತು. ಇನ್ನು ನಾಲ್ಕು ದಿನ ನೋಡೋಣ, ದಾರಿಯ ಮುಳ್ಳು ತೆಗೆದಾರು, ಸುಮ್ಮನೆ ಬಾಯಿ ತೆಗೆದು ಸಿಕ್ಕಿಬೀಳುವುದೇಕೆ ಎಂದು ಅವನು ತಡೆದ. ಐದನೆಯ ದಿನ ಹೊಲದಿಂದ ಬಂದಾಗ ಮಗಳು ಬಾಗಿಲಲ್ಲಿ ಕೂತಿದ್ದಳು. ತೊಡೆಯ ಮೇಲೆ ಖಾಲಿ ಮೊರ. ಬೆರಳಿನಿಂದ ಅದರ ಸಂದಿ ಒರೆಸಿ ನೆಕ್ಕುತ್ತಿದ್ದಳು.

ಅವನು ನೆಟ್ಟಗೆ ಕೊಟ್ಟಿಗೆಗೆ ಹೋದ.

ನಡುಮಧ್ಯಾಹ್ನ. ದನಗಳು ಬಯಲಲ್ಲಿದ್ದವು. ಅವನು ಮಗಳನ್ನು ಮನೆಯೊಳಗೆ ಬಿಟ್ಟು, ಹೆಂಡತಿಯನ್ನು ಕರೆದು, ಕೊಟ್ಟಿಗೆಯ ಬಾಗಿಲು ಮುಂದಕ್ಕೆಳೆದ. ಮಣ್ಣು ಕೆದಕಿ ಚಪ್ಪಡಿ ಸರಿಸಿದ. ಹುಲ್ಲು ಕಿತ್ತ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹಳೆಯ ಹಗೇವಿನ ವಾಸನೆ ಬಚ್ಚಿಡುವಂಥದ್ದಲ್ಲ, ಕೇರಿಯೆಲ್ಲ ಹರಡುತ್ತದೆ. ಗೋಡೆಯಾಚೆ ನೆರೆಯವನು ತನ್ನ ಮನೆಯವಳಿಗೆ, “ಎಲ್ಲೋ ಹಗೇವು ತೆಗೆದಂಗಿದೆ,” ಎಂದದ್ದು ಕೇಳಿಸಿತು.

ರೈತ ತಟ್ಟನೆ ಗೋಣಿಚೀಲ ನೆನೆಸಿ ಬಾಯಿಗೆ ಮುಚ್ಚಿದ. ಆ ಕಡೆ ಸದ್ದಡಗುವವರೆಗೆ ಹಾಗೇ ಕೂತಿದ್ದ. ನೋಡು, ಅವನು ದಡ್ಡನಲ್ಲ. ಆ ಊರಿನಲ್ಲಿ ಹಗೇವಿನ ವಿಷಯ ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಗಾಳಿ ಹೊರಗೆ ಹೋಗಲೆಂದೇ ಬಾಯಿ ತೆಗೆಯುವುದು. ಅದೇ ಬಾಯಿಯನ್ನು ಅವನು ಮುಚ್ಚಿ ಕೂತಿದ್ದ.

ಆಮೇಲೆ ಚೀಲ ತೆಗೆದು ದೀಪ ಇಳಿಬಿಟ್ಟ. ಮೊಳ ಇಳಿಯುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿ ಇಳಿಬಿಟ್ಟ. ಮತ್ತೆ ಆರಿತು.

“ನಾಳೆವರೆಗೂ ಬಿಡೋಣ,” ಎಂದಳು ಹೆಂಡತಿ.

“ನಾಳೆವರೆಗೂ ಬಿಟ್ರೆ ಊರೇ ಬಾಗಿಲಲ್ಲಿ ನಿಂತಿರುತ್ತೆ. ಉಸಿರು ಬಿಗಿ ಹಿಡಿದು ಇಳೀತೀನಿ. ಎರಡು ಕುಕ್ಕೆ ತುಂಬಿಸಿ ಹತ್ತಿಬಿಡ್ತೀನಿ.”

“ಎಣಿಸಲ್ವಾ?”

“ಎಣಿಸಿದ್ರೆ ಗೋಡೆಯಾಚೆಗೆ ಕೇಳುತ್ತೆ. ಹಗ್ಗ ಜಗ್ಗಿದಾಗ ಎಳಿ. ಏನೇ ಆದರೂ ಕೂಗಬೇಡ.”

ಅವನು ಕುಕ್ಕೆಗೆ ದನದ ಹಗ್ಗ ಕಟ್ಟಿಕೊಟ್ಟು, ಹೊಸ ಹಗ್ಗವನ್ನು ಸೊಂಟಕ್ಕೆ ಬಿಗಿದು ಇಳಿದ. ಮೊದಲ ಕುಕ್ಕೆ ಮೇಲೆ ಬಂತು. ಅವಳು ಅದನ್ನು ಸುರಿದು ಮತ್ತೆ ಇಳಿಬಿಟ್ಟಳು. ಎರಡನೆಯದು ಮೇಲೆ ಬರಲಿಲ್ಲ. ಅವಳು ಕಾದಳು. ಹಗ್ಗ ಜಗ್ಗಲಿಲ್ಲ. ಅವನ ಸೊಂಟದ ಹಗ್ಗ ಎಳೆದು ನೋಡಿದಳು. ಭಾರವಾಗಿತ್ತು. ಕಾಲನ್ನು ಕಲ್ಲಿಗೆ ಒತ್ತಿ ಎಳೆದಳು. ಹೊಟ್ಟೆಗಿಲ್ಲದ ಒಬ್ಬ ಹೆಂಗಸಿನ ಕೈಗೆ ಅವನು ಬರಲಿಲ್ಲ. ಕೂಗಬೇಡ ಎಂದಿದ್ದನಲ್ಲ, ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಎಳೆದಳು. ಹಾಗೆ ಎಷ್ಟು ಹೊತ್ತು ಎಳೆದಳೋ, ಅದನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ.

ಮಗಳು ಕೊಟ್ಟಿಗೆಯ ಬಾಗಿಲು ತಳ್ಳಿ, “ಅಪ್ಪ ಎಲ್ಲವ್ವ?” ಎಂದಳು.

ಆಗ ತಾಯಿ ಕೂಗಿದಳು.

ನೆರೆಯವನು ಗೋಡೆ ಹಾರಿ ಬಂದ. ಅವನ ಹಿಂದೆ ಇನ್ನೂ ಮೂವರು. ನಾಲ್ಕು ಜನಕ್ಕೆ ರೈತ ಒಂದು ಭಾರವೇ ಆಗಲಿಲ್ಲ. ಎರಡೇ ಎಳೆತಕ್ಕೆ ಮೇಲೆ ಬಂದ. ಉಸಿರು ನಿಂತು ಬಹಳ ಹೊತ್ತಾಗಿತ್ತು. ಮುಷ್ಟಿಯಲ್ಲಿ ರಾಗಿಯಿತ್ತು.

ಅವನನ್ನು ಅಂಗಳದಲ್ಲಿ ಮಲಗಿಸಿದರು. ನೆರೆಯವನು ತಲೆಗೆ ಕೈಹೊತ್ತು ಕೂತ. “ಗೋಡೆಯಾಚೆಯಿಂದ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅತ್ತಿಗೆ,” ಎಂದ.

“ಹೇಳಿದ್ರೆ ನೀವೆಲ್ಲ ರಾಗಿ ಕೇಳ್ತಿದ್ರಿ,” ಎಂದಳು ಅವಳು.

ನೆರೆಯವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಕೇಳ್ತಿದ್ವಿ. ಹಗ್ಗಾನೂ ಹಿಡೀತಿದ್ವಿ.”

ಮೂರನೆಯ ದಿನ ಆ ಹಗೇವಿನಲ್ಲಿ ದೀಪ ಉರಿಯಿತು. ಕಟ್ಟಳೆಯಂತೆ ನಾಲ್ಕು ಜನ ಹಗ್ಗ ಹಿಡಿದರು. ನೆರೆಯವನೇ ಇಳಿದು ಗಟ್ಟಿಯಾಗಿ ಎಣಿಸಿದ. ಆ ಎಣಿಕೆ ಮುಗಿಯುವವರೆಗೂ ಮಗಳು ಅಂಗಳದಲ್ಲಿ ಕೂತು ಮುದ್ದೆ ತಿನ್ನುತ್ತಿದ್ದಳು. ಕೊನೆಗೆ ಹೆಂಡತಿ ಹಗ್ಗ ಹಿಡಿದವರಿಗೆಲ್ಲ ಒಂದೊಂದು ಮೊರ ರಾಗಿ ಕೊಟ್ಟಳು. ಅವರು ಬೇಡ ಎಂದಾರೆಂದು ನೀನು ಕಾಯುತ್ತಿದ್ದೀಯ. ಇಲ್ಲ, ತೆಗೆದುಕೊಂಡರು. ಅವರ ಮನೆಯಲ್ಲೂ ಮಕ್ಕಳಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ಸಮಾಧಾನವಾಗಲಿಲ್ಲ. “ಬುದ್ಧಿ, ಅಪ್ಪ ಹಂಚಿದ, ಅವನ ಮಗಳು ಸತ್ತಳು. ಮಗ ಬಚ್ಚಿಟ್ಟ, ತಾನೇ ಸತ್ತ. ಹಾಗಾದರೆ ನಾನು ಆ ಕೋಣೆಯ ಬಾಗಿಲು ತೆಗೆಯಲೋ, ಬೇಡವೋ? ಅದನ್ನು ಹೇಳಿ,” ಎಂದ.

ಗುರುಗಳು ಎದ್ದು ನಿಂತರು.

“ಬೀಗದ ಕೈ ನಿನ್ನ ಸೊಂಟದಲ್ಲಿದೆ, ಸರಿ, ನಿನ್ನ ಹಗ್ಗ ಯಾರ ಕೈಯಲ್ಲಿದೆ?”

ಮರುಳಸಿದ್ಧ ಉಡಿದಾರದಿಂದ ಬೀಗದ ಕೈ ಬಿಚ್ಚಿಕೊಂಡು ಅಡುಗೆಯವರ ಕಡೆ ನಡೆದ.