ಈರುಳ್ಳಿ ಇಟ್ಟುಕೊಂಡ ಕಣ್ಣೀರು

ಭೂಮಿ ಆಗಿನ್ನೂ ಹೊಸದು. ಹಸಿ ಮಡಕೆಯ ಹಾಗೆ, ಬೆರಳಿಟ್ಟರೆ ಗುಳಿ ಬೀಳುವಷ್ಟು ಹೊಸದು. ಗಾಳಿಗೂ ಮಾತು ಬರುತ್ತಿತ್ತು, ಹೊಳೆಗೂ ಬರುತ್ತಿತ್ತು, ಗಡ್ಡೆ ಗೆಣಸಿಗೂ ಬರುತ್ತಿತ್ತು. ಮನುಷ್ಯರು ಮಾತ್ರ ಆಗಲೂ ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿದ್ದರು.

ಆ ಕಾಲದಲ್ಲಿ ಈಜಿಪ್ಟ್ ದೇಶದ ನೈಲ್ ಹೊಳೆಯ ದಂಡೆಯಲ್ಲಿ ಹೆನುತ ಎಂಬ ನೇಯುವ ಹುಡುಗಿ ಇದ್ದಳು. ಮುಂದೆ ಕಪ್ಪು ಮಣ್ಣಿನ ಹೊಲ, ಹಿಂದೆ ಕೆಂಪು ಮರಳು, ನಡುವೆ ಹಸಿ ಇಟ್ಟಿಗೆಯ ಪುಟ್ಟ ಮನೆ.

ಹೆತ್ತವರಿಲ್ಲದ ಅವಳನ್ನು ತಾಖತಿ ಎಂಬ ಮುದುಕಿ ಸಾಕಿದ್ದಳು. ಅಗಸೆ ಗಿಡವನ್ನು ನೆನೆಹಾಕಿ, ಬಡಿದು, ನಾರು ತೆಗೆದು, ನೂಲು ಮಾಡಿ ಬಟ್ಟೆ ನೇಯುವುದನ್ನು ಕಲಿಸಿದ್ದೂ ಅವಳೇ. ಹೊತ್ತು ಹೊತ್ತಿಗೆ ರೊಟ್ಟಿ ಸುಟ್ಟು ಕೊಟ್ಟಿದ್ದೂ ಅವಳೇ. ಬಿಸಿಲಿಗೆ ಕಣ್ಣು ಉರಿಯದಿರಲಿ ಎಂದು ಕಾಡಿಗೆ ತೀಡಿಕೊಳ್ಳುವುದನ್ನು ತೋರಿಸಿದ್ದೂ ಅವಳೇ. ಹೆನುತ ಅವಳನ್ನು ಅವ್ವಾ ಎಂದೇ ಕರೆಯುತ್ತಿದ್ದಳು.

ಒಂದು ಸುಗ್ಗಿಯಲ್ಲಿ, ಹಣ್ಣೆಲೆ ಉದುರಿದ ಹಾಗೆ, ತಾಖತಿ ತೀರಿಕೊಂಡಳು.

ಆ ದೇಶದಲ್ಲಿ ಸತ್ತವರು ಹೊಳೆ ದಾಟಬೇಕು. ಸೂರ್ಯ ಮುಳುಗುವ ಕಡೆಗೆ, ಆಚೆ ದಡಕ್ಕೆ. ಅಲ್ಲಿ ಎಂದೂ ಬಾಡದ ಜೊಂಡಿನ ಬಯಲಿದೆ, ಮೊದಲೇ ಹೋದವರೆಲ್ಲ ಅಲ್ಲಿ ಕಾದು ಕೂತಿರುತ್ತಾರೆ ಎಂದು ನಂಬಿಕೆ. ದಾರಿಯಲ್ಲಿ ಚಳಿಯಾಗಬಾರದಲ್ಲ, ಅದಕ್ಕೇ ನಾರುಬಟ್ಟೆಯ ಪಟ್ಟಿಗಳನ್ನು ಸುತ್ತಿ ಸುತ್ತಿ ದೋಣಿಯಲ್ಲಿ ಮಲಗಿಸುತ್ತಿದ್ದರು.

ಆ ದೋಣಿಗೆ ಹುಟ್ಟಿಲ್ಲ, ಹಾಯಿಯಿಲ್ಲ. ಹೊಳೆಯೇ ಒಯ್ಯಬೇಕು. ಹೊಳೆಯದು ಒಂದೇ ಕಟ್ಟಳೆ. ಮನೆಯವರ ಕಣ್ಣೀರು ಒಂದು ಹನಿಯಾದರೂ ತನ್ನೊಳಗೆ ಬೀಳಬೇಕು, ಸೂರ್ಯ ಮುಳುಗುವುದರೊಳಗೆ ಬೀಳಬೇಕು. ಇಲ್ಲದಿದ್ದರೆ ದೋಣಿ ಈ ದಡದಲ್ಲೇ ಉಳಿಯುತ್ತದೆ. ಸತ್ತವರು ತಮ್ಮವರನ್ನು ಸೇರುವುದೇ ಇಲ್ಲ.

ಹೆನುತ ತಾನು ನೇಯ್ದ ಬಟ್ಟೆಯನ್ನೇ ಅವ್ವನಿಗೆ ಸುತ್ತಿದಳು. ದೋಣಿಯ ಪಕ್ಕ ನಿಂತಳು. ಅಳು ಬರಲಿಲ್ಲ.

ಎದೆಯೊಳಗೆ ಬೀಸುವ ಕಲ್ಲು ಬಂದು ಕೂತ ಹಾಗಿತ್ತು. ಕಣ್ಣು ಮಾತ್ರ ಒಣಗಿಹೋಗಿತ್ತು.

ಅಳುವುದನ್ನೇ ಕಸುಬು ಮಾಡಿಕೊಂಡ ಹೆಂಗಸರು ಬಂದರು. ತಲೆಗೆ ಮಣ್ಣು ಸುರಿದುಕೊಂಡು, ಎದೆ ಬಡಿದುಕೊಂಡು, ಅದೆಷ್ಟು ಚೆನ್ನಾಗಿ ಅತ್ತರೆಂದರೆ ದಂಡೆಯಲ್ಲಿದ್ದ ಬಾತುಗಳೂ ಸೊರಸೊರ ಎಂದವು. ದೋಣಿ ಅಲುಗಲಿಲ್ಲ.

ಅವರಲ್ಲಿ ಹಿರಿಯಳು ಬಾಕೆತ. ಅಳುವುದನ್ನು ನಿಲ್ಲಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಮ್ಮದು ಕೂಲಿ ಕಣ್ಣೀರು ಕಣೇ ಹುಡುಗಿ. ಹೊಳೆಗೆ ರುಚಿ ಗೊತ್ತಾಗಿಬಿಡುತ್ತೆ. ನೀನು ಅಳಬೇಕು."

"ಬರ್ತಿಲ್ಲ ದೊಡ್ಡವ್ವ."

"ಬರ್ತಿಲ್ಲವಂತೆ! ಮೊನ್ನೆ ಬೆಕ್ಕಿನ ಮರಿ ಸತ್ತಾಗ ಮೂರು ಓಣಿಗೆ ಕೇಳೋ ಹಾಗೆ ಅತ್ತೆಯಲ್ಲ! ಸಾಕಿದವಳಿಗೆ ಒಂದು ಹನಿ ಇಲ್ಲವೇನೇ? ನೀನೇನು ಮರಳಲ್ಲಿ ಹುಟ್ಟಿದವಳಾ?"

ಹೆನುತ ತಲೆ ತಗ್ಗಿಸಿದಳು. ಆ ಮಾತಿಗೂ ಅಳು ಬರಲಿಲ್ಲ.

ಗಾಳಿಗೆ ಪಾಪ ಅನ್ನಿಸಿತು. "ಇರು, ನಾನು ನೋಡ್ತೀನಿ," ಎಂದು ಒಂದು ಬೊಗಸೆ ಮರಳು ತಂದು ಅವಳ ಕಣ್ಣಿಗೆ ಊದಿತು. ಕಣ್ಣಿಗೆ ಕಾಡಿಗೆ ಇತ್ತಲ್ಲ, ಮರಳು ಒಳಗೆ ಹೋಗಲೇ ಇಲ್ಲ. "ನಿಮ್ಮವ್ವ ಕಲಿಸಿದ ಕಾಡಿಗೆ ಬಲು ಗಟ್ಟಿ ಬಿಡು," ಎಂದು ಗಾಳಿ ಸೋತು ಕೂತಿತು.

ಕೊಕ್ಕರೆ ಬಂದು ಅವಳ ಕಾಲ್ಬೆರಳಿಗೆ ಕುಕ್ಕಿತು. "ಅಯ್ಯೋ!" ಎಂದಳು ಹೆನುತ. ನೋವಾಯಿತು, ಅಷ್ಟೇ. ಕಣ್ಣೀರು ಬರಲಿಲ್ಲ. ದೋಣಿ ಅಲುಗಲಿಲ್ಲ.

ಸೂರ್ಯ ಖರ್ಜೂರದ ಮರದ ತುದಿಯಿಂದ ಕೆಳಗೆ ಜಾರಿದ.

ಹೆನುತಳಿಗೆ ದಿಗಿಲಾಯಿತು. ಏನು ಮಾಡಬೇಕೆಂದು ತೋಚದೆ ಮನೆಗೆ ಓಡಿದಳು. ಹಿತ್ತಿಲಲ್ಲಿ, ಅವ್ವ ಮಾಡಿದ್ದ ಈರುಳ್ಳಿ ಪಾತಿಯ ಮುಂದೆ ಕುಸಿದು ಕೂತಳು.

ಆಗೆಲ್ಲ ಈರುಳ್ಳಿಗೆ ಸಿಪ್ಪೆ ಇರಲಿಲ್ಲ. ಬೆಳ್ಳಗೆ, ಬೋಳಾಗಿ, ಈಗ ತಾನೇ ಮೀಸಿದ ಕೂಸಿನ ಹಾಗಿತ್ತು. ಕತ್ತರಿಸಿದರೆ ಯಾರ ಕಣ್ಣಲ್ಲೂ ನೀರು ಬರುತ್ತಿರಲಿಲ್ಲ. ತನ್ನೊಳಗೆ ಇದ್ದದ್ದನ್ನು ಅದು ಯಾರಿಗೂ ಕೊಡುತ್ತಿರಲಿಲ್ಲ.

"ಹೆನುತಾ, ನನ್ನ ಕೀಳು," ಎಂದಿತು ಈರುಳ್ಳಿ. "ನಿಮ್ಮವ್ವನ ಕಣ್ಣೀರು ನನ್ನ ಹತ್ತಿರ ಇದೆ."

"ಅವ್ವ ಯಾವತ್ತು ಅತ್ತಳು? ನಾನು ನೋಡೇ ಇಲ್ಲ."

"ನೀನು ನೋಡಬಾರದು ಅಂತಲೇ ಇಲ್ಲಿಗೆ ಬರ್ತಿದ್ದಳು. ಪಾತಿಗೆ ನೀರು ಹಾಕೋದು ಒಂದು ನೆವ. ಬಿದ್ದ ಹನಿಯನ್ನೆಲ್ಲ ಕುಡಿದು ಇಟ್ಟುಕೊಂಡಿದ್ದೀನಿ. ನನ್ನನ್ನು ಅರ್ಧ ಮಾಡು. ಬೇರಿರೋ ಅರ್ಧ ಮತ್ತೆ ಮಣ್ಣಿಗಿಡು, ಚಿಗುರ್ತೀನಿ."

"ನಿನಗೆ ನೋಯಲ್ವಾ?"

"ನೋಯುತ್ತೆ. ಮಾತಾಡ್ತಾ ಕೂರಬೇಡ ತಾಯಿ, ಸೂರ್ಯ ಕಾಯಲ್ಲ."

ಹೆನುತ ಕಲ್ಲಿನ ಚೂರಿಯಿಂದ ಅದನ್ನು ಅರ್ಧ ಮಾಡಿದಳು. ಬೇರಿನ ಅರ್ಧವನ್ನು ಮಣ್ಣಿಗಿಟ್ಟಳು. ಇನ್ನೊಂದು ಅರ್ಧವನ್ನು ಹಿಡಿದು ಹೊಳೆಗೆ ಓಡಿದಳು. ದಡದಲ್ಲಿ ನಿಂತು ಅದನ್ನು ಮುಖದ ಹತ್ತಿರ ತಂದದ್ದೇ ತಡ, ಕಣ್ಣು ಚುರ್ರೆಂದು ಉರಿದು ನೀರು ದಳದಳ ಇಳಿಯಿತು. ಹನಿಗಳು ಹೊಳೆಗೆ ಬಿದ್ದವು.

ಹೊಳೆ ಒಂದು ಹನಿಯ ರುಚಿ ನೋಡಿತು.

"ಈ ಉಪ್ಪು ನನಗೆ ಗೊತ್ತು," ಎಂದಿತು. "ಇದು ತಾಖತಿಯ ಕಣ್ಣೀರು. ದಿನಾ ನನ್ನ ನೀರಲ್ಲೇ ಮುಖ ತೊಳೀತಿದ್ದಳಲ್ಲ. ಮಗಳೇ, ಅವಳ ಕಣ್ಣೀರಲ್ಲೇ ಅವಳನ್ನು ಕಳಿಸ್ತೀಯಾ? ನಿನ್ನದೆಲ್ಲಿ?"

ದೋಣಿ ಅಲುಗಲಿಲ್ಲ. ಸೂರ್ಯನ ಪಾದ ಆಚೆಯ ಮರಳುದಿಬ್ಬಕ್ಕೆ ತಾಗಿಯೇಬಿಟ್ಟಿತು.

ಆಗ ಹೆನುತಳ ಅಂಗೈಯಲ್ಲಿದ್ದ ಈರುಳ್ಳಿ ಬಾಯಿಬಿಟ್ಟಿತು. "ಹೊಳೆಯವ್ವಾ, ನೀನು ಉಕ್ಕದೇ, ಹೊಲವೆಲ್ಲ ಒಣಗಿಹೋದ ವರ್ಷ ನೆನಪಿದೆಯಾ?"

ಹೊಳೆಗೆ ನಾಚಿಕೆಯಾಯಿತು. "ಇದೆ ಕಣೇ. ಆ ವರ್ಷ ನನಗೂ ಮೈಯಲ್ಲಿ ಹುಷಾರಿರಲಿಲ್ಲ."

"ಆ ವರ್ಷ ಮನೆಯಲ್ಲಿ ದಿನಕ್ಕೆ ಒಂದೇ ರೊಟ್ಟಿ. ತಾಖತಿ ಅದನ್ನ ಈ ಮಗು ಮುಂದೆ ಇಟ್ಟು, 'ನನ್ನದಾಯ್ತು ಕಣೇ, ನೀನು ತಿನ್ನು' ಅಂತಿದ್ದಳು. ಮಗು ತಿಂದು, 'ಅವ್ವಾ, ಇನ್ನೂ ಬೇಕು' ಅನ್ನೋದು. ಆಗ ಹಿತ್ತಿಲಿಗೆ ಬಂದು ಅಳ್ತಿದ್ದಳು. ತನ್ನ ಹಸಿವಿಗಲ್ಲ. ಇನ್ನೊಂದು ರೊಟ್ಟಿ ಇಲ್ಲವಲ್ಲ ಅಂತ."

ಹೆನುತ ದೋಣಿಯತ್ತ ತಿರುಗಿದಳು.

"ನಾನು ಅವಳನ್ನ ಹೊಟ್ಟೆಬಾಕಿ ಅಂತಿದ್ದೆ," ಎಂದಳು ಮೆಲ್ಲಗೆ. "ನನ್ನ ಬಿಟ್ಟು ಮೊದಲೇ ಉಂಡುಬಿಡ್ತೀಯಲ್ಲ, ಹೊಟ್ಟೆಬಾಕಿ ಅವ್ವ ಅಂತ ಆಡಿಕೊಳ್ತಿದ್ದೆ. ಅವಳು ನಗ್ತಿದ್ದಳು. ಏನೂ ಹೇಳ್ತಿರಲಿಲ್ಲ. ನಗ್ತಿದ್ದಳು."

ಎದೆಯೊಳಗಿನ ಬೀಸುವ ಕಲ್ಲು ಬಿರುಕು ಬಿಟ್ಟಿತು. "ಅವ್ವಾ!" ಎಂದು ಕೂಗಿದ ಕೂಗಿಗೆ ಜೊಂಡಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಕಾಡಿಗೆ ಕರಗಿ ಕಪ್ಪಗೆ ಕೆನ್ನೆಯ ಮೇಲೆ ಹರಿಯಿತು. ಅವ್ವನ ಕಣ್ಣೀರ ಹಿಂದೆಯೇ ಮಗಳ ಕಣ್ಣೀರೂ ಹೊಳೆಗೆ ಬಿತ್ತು.

ಅಲುಗಿತು ದೋಣಿ. ಮೊದಲು ಇಷ್ಟೇ ಇಷ್ಟು. ಆಮೇಲೆ ಹೊಳೆ ಅದನ್ನು ತೊಟ್ಟಿಲ ಹಾಗೆ ಎತ್ತಿಕೊಂಡು ನಡೆಯಿತು. ಸೂರ್ಯನೂ ತಾಖತಿಯೂ ಒಟ್ಟಿಗೇ ಆಚೆ ದಡ ಮುಟ್ಟಿದರು. ಆ ದಿನ ಬಾಕೆತ ಕೂಡ ಕೂಲಿಯ ಮಾತೆತ್ತದೆ ನಿಜವಾಗಿ ಅತ್ತಳು.

ಬೆಳಗಾದ ಮೇಲೆ ಹೆನುತ ಹಿತ್ತಿಲಿಗೆ ಬಂದಳು. ಮಣ್ಣಲ್ಲಿದ್ದ ಅರ್ಧ ಈರುಳ್ಳಿ ಬರಿ ಮೈಯಲ್ಲಿ ಗಡಗಡ ನಡುಗುತ್ತಿತ್ತು. ಅವಳು ಮಗ್ಗದ ಹತ್ತಿರ ಹೋಗಿ, ಇದ್ದ ನಾರುಬಟ್ಟೆಯಲ್ಲೆಲ್ಲ ನಯವಾದದ್ದನ್ನು ಆರಿಸಿ ತಂದಳು. ಒಂದು ಸುತ್ತು ಸುತ್ತಿದಳು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಎಲ್ಲಕ್ಕಿಂತ ಹೊರಗೆ, ಅವ್ವ ಹೊದೆಯುತ್ತಿದ್ದ ಕೆಂಪು ಬಣ್ಣದ ತೆಳು ಬಟ್ಟೆ.

"ಇಷ್ಟೊಂದು ಯಾಕೆ ತಾಯಿ?" ಎಂದಿತು ಈರುಳ್ಳಿ. "ಒಂದೇ ಸಾಕಾಗಿತ್ತು."

"ನಿನ್ನೊಳಗೆ ನಮ್ಮವ್ವ ಇದ್ದಾಳೆ," ಎಂದಳು ಹೆನುತ. "ಚಳಿಯಾಗಬಾರದು."

ಈರುಳ್ಳಿ ಬಟ್ಟೆಯೊಳಗೆ ಬೆಚ್ಚಗೆ ಮುದುಡಿಕೊಂಡಿತು. ಆಮೇಲೆ ಅಂದಿತು, "ಹಾಗಾದರೆ ಇನ್ನು ಮುಂದೆ ಈ ಕಣ್ಣೀರನ್ನ ಒಬ್ಬಳೇ ಇಟ್ಟುಕೊಳ್ಳಲ್ಲ. ನನ್ನ ಅಂಗಿ ಬಿಚ್ಚಿದವರಿಗೆಲ್ಲ ಒಂದೊಂದು ಹನಿ ಕೊಡ್ತೀನಿ. ಉಣ್ಣೋಕೆ ಮುಂಚೆ, ಉಣ್ಣಿಸಿದವರ ನೆನಪಿಗೆ."

ಅದಕ್ಕೇ ಮಗೂ, ಇವತ್ತಿಗೂ ಈರುಳ್ಳಿ ಕೆಂಪಂಗಿಯ ಒಳಗೆ ಬಿಳಿಯಂಗಿ, ಬಿಳಿಯಂಗಿಯ ಒಳಗೆ ಮತ್ತೊಂದು ಬಿಳಿಯಂಗಿ ತೊಟ್ಟು ಬೆಚ್ಚಗಿರುವುದು; ಹುಳಿಗೆ ಈರುಳ್ಳಿ ಹೆಚ್ಚಲು ಕೂತ ನಿಮ್ಮಮ್ಮ, ಯಾವ ದುಃಖವೂ ಇಲ್ಲದೆ, ಸೆರಗಲ್ಲಿ ಕಣ್ಣೊರೆಸಿಕೊಳ್ಳುವುದು.