ಸಾಕೆನ್ನಲಾರದ ಫ್ಲೋಟು

ಚನ್ನಬಸಮ್ಮನ ಕಬ್ಬಿನ ಹಾಲಿನ ಗಾಣವನ್ನು ತಿರುಗಿಸುತ್ತಿದ್ದುದು ಒಂದು ಪುಟ್ಟ ಪೆಟ್ರೋಲ್ ಎಂಜಿನ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಅದರ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಫ್ಲೋಟು ಎಂಬ ಒಂದು ಪುಟ್ಟ ಬುರುಡೆ ತೇಲಿಕೊಂಡಿತ್ತು. ಬಟ್ಟಲಿಗೆ ಬೇಕಾದಷ್ಟು ಪೆಟ್ರೋಲು ಬಂದೊಡನೆ ಮೇಲೆದ್ದು ಬಾಗಿಲು ಮುಚ್ಚುವುದೇ ಅದರ ಕೆಲಸ. ಆದರೆ ಬಂದವರ ಮುಖಕ್ಕೆ ಬಾಗಿಲು ಹಾಕುವುದೆಂದರೆ ಅದಕ್ಕೆ ಎಲ್ಲಿಲ್ಲದ ಸಂಕೋಚ.

ಒಂದು ಮಧ್ಯಾಹ್ನ ಪೆಟ್ರೋಲು ನಗುನಗುತ್ತಾ ಇಳಿದು ಬಂದು, "ಫ್ಲೋಟಣ್ಣಾ, ನಿನ್ನಂಥ ಧಾರಾಳಿ ಇನ್ನೊಬ್ಬನಿಲ್ಲ! ನನ್ನ ಬಳಗವೆಲ್ಲ ಹೊರಗೇ ನಿಂತಿದೆ," ಎಂದಿತು.

ಫ್ಲೋಟು ಹಿಗ್ಗಿ ಹೀರೇಕಾಯಿಯಾಯಿತು. "ಬನ್ನಿ, ಎಲ್ಲರೂ ಬನ್ನಿ!" ಎಂದು ಬಾಗಿಲು ತೆರೆದೇ ಇಟ್ಟಿತು. ಬಳಗ ನುಗ್ಗಿ ಕುಣಿಯಿತು, ಫ್ಲೋಟೂ ಜೊತೆಗೆ ಕುಣಿಯಿತು. ಬಟ್ಟಲು ತುಂಬಿ ಉಕ್ಕಿ ಎಂಜಿನ್ನಿನ ಗಂಟಲಿಗೇ ಹರಿಯಿತು.

"ಅಯ್ಯೋ, ಗಾಳಿಗೆ ಜಾಗವೇ ಇಲ್ಲ!" ಎಂದು ಕೆಮ್ಮಿದ ಎಂಜಿನ್ ನಿಂತೇಬಿಟ್ಟಿತು.

ಗಿರಾಕಿಗಳು ಖಾಲಿ ಲೋಟ ಹಿಡಿದು ನಿಂತಿದ್ದರು. ಚನ್ನಬಸಮ್ಮ ಎಂಜಿನ್ ಚಾಲೂ ಮಾಡುವ ಹಗ್ಗ ಜಗ್ಗಿ ಜಗ್ಗಿ ಬೆವೆತಳು. "ಕಂಠಮಟ ಕುಡದು ಕುಂತೈತಿ ಇದು!" ಎಂದವಳೇ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಟಕ್ಕೆಂದು ಬಡಿದಳು.

ಫ್ಲೋಟು ಬೆಚ್ಚಿ ಮೇಲಕ್ಕೆ ನೆಗೆಯಿತು. "ಕ್ಷಮಿಸಿ, ಈಗ ಸಾಕು!" ಎಂದು ಕಣ್ಣುಮುಚ್ಚಿ ಬಾಗಿಲು ಹಾಕಿತು. ಜೀವಮಾನದಲ್ಲೇ ಮೊದಲ ಸಲ ಬಾಯಿಬಿಟ್ಟು ಹಾಗೆಂದದ್ದು; ಪೆಟ್ರೋಲು ಏನನ್ನುವುದೋ ಎಂದು ಅಂಜುತ್ತ ಕಿವಿಗೊಟ್ಟಿತು.

"ಅದಕ್ಕೇನಂತೆ, ಕರೆದಾಗ ಬರುತ್ತೇವೆ," ಎಂದಿತು ಪೆಟ್ರೋಲು.

ಚನ್ನಬಸಮ್ಮ ಹೆಚ್ಚಾದ ಪೆಟ್ರೋಲನ್ನು ಬಟ್ಟಲಡಿಯ ತಿರುಪು ಸಡಿಲಿಸಿ ಬಸಿದು, ತುಸು ಹೊತ್ತು ಬಿಟ್ಟು ಹಗ್ಗ ಎಳೆದಳು. ಎಂಜಿನ್ ಡುಗುಡುಗು ಎಂದು ಹಾಡತೊಡಗಿತು. ಯಾರೂ ಮುನಿಸಿಕೊಳ್ಳಲಿಲ್ಲವೆಂಬ ಸಂತೋಷಕ್ಕೆ ಫ್ಲೋಟು ಸಂಜೆಯವರೆಗೂ ಏಳುತ್ತ ಇಳಿಯುತ್ತ, "ಬನ್ನಿ! ಸಾಕು! ಬನ್ನಿ! ಸಾಕು!" ಎಂದು ನಗುತ್ತಲೇ ಇತ್ತು.